ಬಾಗಿಲ ಹಿಂದಿನ ಮಂಚ

ಮನೆ ಇಲ್ಲದವರಿಗೆ ಸರಕಾರಿ ಮನೆ ಹಂಚುವ ಕೆಲಸವನ್ನು ಯಾವ ಕಾಲೇಜಿನಲ್ಲೂ ಕಲಿಸುವುದಿಲ್ಲ. ಬೀದಿದೀಪದ ವಿಭಾಗದಿಂದ ಎತ್ತಿ ತಂದು ಆ ಕಚೇರಿಯಲ್ಲಿ ಕೂರಿಸಿದಾಗ ನಮ್ಮ ಗುಮಾಸ್ತನಿಗೆ ಮನೆಯ ವಿಷಯದಲ್ಲಿ ಇದ್ದ ತಿಳಿವಳಿಕೆ ಇಷ್ಟೇ: ಮನೆ ಎಂದರೆ ನಾಲ್ಕು ಗೋಡೆ, ಒಂದು ಬಾಗಿಲು, ಮತ್ತು ಅದು ಬೇರೆಯವರದು.

ತರಬೇತಿ ಇರುತ್ತದೆ ಎಂದುಕೊಂಡು ಅವನು ಮೊದಲ ದಿನ ತಲೆಗೆ ಎಣ್ಣೆ ಹಚ್ಚಿ ಬಾಚಿ, ಜೇಬಿಗೆ ಹೊಸ ಪೆನ್ನು ಸಿಕ್ಕಿಸಿಕೊಂಡು ಬಂದಿದ್ದ. ದೊಡ್ಡ ಸಾಹೇಬರು ಕಡತದಿಂದ ತಲೆ ಎತ್ತದೆ ಮೂಲೆಯ ಮೇಜಿನತ್ತ ಬೆರಳು ಮಾಡಿ, "ಅವರ ಹಿಂದೆ ಓಡಾಡಿ, ತಾನಾಗಿ ಬರುತ್ತೆ" ಎಂದರು. ಏನು ಬರುತ್ತದೆಂದು ಹೇಳಲಿಲ್ಲ. ಮೊದಲು ಬಂದದ್ದು ಮಂಡಿನೋವು.

ಮೂಲೆಯ ಮೇಜಿನವರನ್ನು ಇಡೀ ಕಚೇರಿ ಹಿರಿಯಕ್ಕ ಎಂದೇ ಕರೆಯುತ್ತಿತ್ತು. ನಿವೃತ್ತಿಗೆ ಹತ್ತಿರವಾದ ಹೆಂಗಸು. ಹೆಗಲಿಗೆ ದೊಡ್ಡ ಬಟ್ಟೆಚೀಲ, ಕಾಲಿಗೆ ಸವೆದ ಚಪ್ಪಲಿ. ಪಾಠ ಹೇಳುವುದೆಲ್ಲ ಮೆಟ್ಟಿಲು ಹತ್ತುವಾಗ ಮಾತ್ರ. ಕೇಳುವವನಿಗೆ ಆಗ ಉಸಿರು ಇರುವುದಿಲ್ಲವಾದ್ದರಿಂದ ಪ್ರಶ್ನೆಗಳೂ ಇರುವುದಿಲ್ಲ ಎಂಬುದು ಅವರ ಅನುಭವ.

ಚೀಲದಲ್ಲಿ ಯಾವಾಗಲೂ ಒಂದು ಬಲ್ಬು ಇರಬೇಕು ಎಂದರು. ಮನೆ ಬಿಟ್ಟುಹೋಗುವವರು ಬಲ್ಬು ಬಿಚ್ಚಿಕೊಂಡೇ ಹೋಗುತ್ತಾರೆ, ನಲ್ಲಿಯನ್ನೂ ಒಯ್ಯುತ್ತಾರೆ. ಒಬ್ಬ ಮಹಾರಾಯ ಬಚ್ಚಲಿನ ಬಾಗಿಲನ್ನೇ ಹೊತ್ತುಕೊಂಡು ಹೋಗಿದ್ದನಂತೆ. ಕತ್ತಲೆ ಮನೆ ತೋರಿಸಿದರೆ ಬಂದವರಿಗೆ ಅಳು ಬರುತ್ತದೆ. ಎರಡನೆಯದಾಗಿ, ಮೊದಲು ಕಿಟಕಿ ತೆಗೆಯಬೇಕು, ಹಳಬರ ವಾಸನೆ ಹೊರಗೆ ಹೋದಮೇಲೆ ಹೊಸಬರು ಒಳಗೆ ಬರಬೇಕು. ಬಾಗಿಲು ಮುಚ್ಚಿಕೊಳ್ಳದಂತೆ ಚೀಲವನ್ನು ಹೊಸ್ತಿಲಿಗೆ ಅಡ್ಡ ಇಡಬೇಕು. ಸಾಲಿನಲ್ಲಿ ಕಾಯುವವರಿಗೆ "ಆಗುತ್ತೆ" ಅನ್ನಬಾರದು, "ಆಗಲ್ಲ" ಅಂತಲೂ ಅನ್ನಬಾರದು, "ನೋಡೋಣ" ಅನ್ನಬೇಕು.

ಈ ನೋಡೋಣ ಎಂಬುದು ಸುಲಭದ ವಿದ್ಯೆಯಲ್ಲ. ಗುಮಾಸ್ತ ಮೊದಲ ಸಲ ಅದನ್ನು ಒಬ್ಬ ಮುದುಕಿಗೆ ಎಷ್ಟು ಕರುಣೆಯಿಂದ ಹೇಳಿದನೆಂದರೆ, ಆಕೆ ನೇರ ಹೋಗಿ ಪಾತ್ರೆ ಪರಡಿಯನ್ನೆಲ್ಲ ಗಂಟು ಕಟ್ಟಿ ಬೀದಿಯಲ್ಲಿಟ್ಟುಕೊಂಡು ಕೂತುಬಿಟ್ಟಳು. ಹಿರಿಯಕ್ಕ ಹೋಗಿ ಗಂಟು ಬಿಚ್ಚಿಸಿ ಬರಬೇಕಾಯಿತು. "ನೋಡೋಣ ಅನ್ನುವಾಗ ಮುಖ ನೋಡಬೇಡಿ" ಎಂದರು ವಾಪಸು ಬಂದು. "ಅವರ ಭುಜದ ಮೇಲಿಂದ ಗೋಡೆ ನೋಡಿ."

ಅಂದಿನಿಂದ ಅವನು ಮನೆಯಲ್ಲಿ ಅಭ್ಯಾಸಕ್ಕೆ ಕೂತ. ಹೆಂಡತಿಯನ್ನು ಎದುರಿಗೆ ನಿಲ್ಲಿಸಿಕೊಂಡು, ಅವಳ ಭುಜದ ಮೇಲಿಂದ ಗೋಡೆ ನೋಡುತ್ತ, ನೋಡೋಣ, ನೋಡೋಣ ಎನ್ನುವನು. ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. "ಇನ್ನೂ ಹಸಿ ಇದೆ" ಎನ್ನುವಳು. "ಕೇಳಿದವರಿಗೆ ಆಸೆ ಹುಟ್ಟುತ್ತೆ."

ಅವರಿದ್ದದ್ದು ಅವಳ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ. ಮದುವೆಯಾದ ಹೊಸತರಲ್ಲಿ ಒಂದು ತಿಂಗಳ ಮಟ್ಟಿಗೆಂದು ಬಂದವರು. ಆ ತಿಂಗಳು ಇನ್ನೂ ಮುಗಿದಿರಲಿಲ್ಲ. ಮದುವೆಯಲ್ಲಿ ಮಾವ ಕೊಟ್ಟ ಮಂಚ ಕೋಣೆಯಲ್ಲಿ ಹಿಡಿಯದೆ, ಕಾಲು ಬೇರೆ ಹಲಗೆ ಬೇರೆಯಾಗಿ ಹಗ್ಗ ಬಿಗಿಸಿಕೊಂಡು ಗೋಡೆಗೆ ಒರಗಿ ನಿಂತಿತ್ತು. ಅದರ ಮೇಲೆ ಟವೆಲು ಒಣಗಿಸುತ್ತಿದ್ದರು. ಭಾವ ಒಳ್ಳೆಯವನೇ, ಸಾಮಾನು ಸಾಗಿಸುವ ಆಟೋ ಓಡಿಸುತ್ತಿದ್ದ. ಆದರೆ ಬಂದವರಿಗೆಲ್ಲ ಇವನನ್ನು ಪರಿಚಯ ಮಾಡಿಸುವಾಗ, "ನಮ್ಮ ತಂಗಿ ಗಂಡ. ಊರಿಗೆಲ್ಲ ಮನೆ ಕೊಡೋರು. ಇರೋದು ನಮ್ಮನೇಲಿ" ಎನ್ನುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ ಗುಮಾಸ್ತನಿಗೆ ಈ ಮಾತು ಗಂಟಲಲ್ಲಿ ಸಿಕ್ಕಿಕೊಂಡು, ಯಾವ ಮನೆ ಯಾರಿಗೆ ಎನ್ನುವುದೆಲ್ಲ ಈಗ ತನ್ನ ಕೈಯಲ್ಲೇ ಇದೆಯೆಂದು ಹೇಳಿಬಿಟ್ಟ. ಹೇಳಿ ನೀರು ಕುಡಿದ. ಭಾವನ ಹೆಂಡತಿ ಅಂದಿನಿಂದ ಹಿಂದಿನ ಕೋಣೆಗೆ ಬಂದಾಗಲೆಲ್ಲ ಗೋಡೆಯನ್ನು ಗೇಣಿನಲ್ಲಿ ಅಳೆಯತೊಡಗಿದಳು.

ಹಿರಿಯಕ್ಕನ ಕೊನೆಯ ಪಾಠ ಅವನಿಗೆ ಅರ್ಥವೇ ಆಗಿರಲಿಲ್ಲ. "ಖಾಲಿ ಮನೇಲಿ ಒಬ್ಬರೇ ಇದ್ದಾಗ, ನಿಮ್ಮ ಸಾಮಾನು ಎಲ್ಲಿ ಇಡಬಹುದು ಅಂತ ಮಾತ್ರ ಯೋಚಿಸಬೇಡಿ" ಎಂದಿದ್ದರು. ಯಾಕೆ ಎಂದು ಕೇಳುವಷ್ಟರಲ್ಲಿ ಮೆಟ್ಟಿಲು ಮುಗಿದಿತ್ತು.

ಅವನ ಕೈಯಿಂದ ಆಗಬೇಕಾದ ಮೊದಲ ಹಂಚಿಕೆ ಒಬ್ಬ ಹಮಾಲಿಯದು. ಮೂಟೆಗಳ ಅಟ್ಟಿ ಕುಸಿದು ಎರಡೂ ಕಾಲು ಸ್ವಾಧೀನ ತಪ್ಪಿದವನು, ಒಂದು ಸರಕಾರಿ ಕಟ್ಟಡದ ತುದಿಯ ಮಹಡಿಯಲ್ಲಿ ಒಂದು ಕುರ್ಚಿಗೆ ಅಂಟಿಕೊಂಡಿದ್ದ. ಅಂಗಳ ಕಾಣುತ್ತಿತ್ತು, ಇಳಿಯಲಿಕ್ಕಾಗುತ್ತಿರಲಿಲ್ಲ. ಹೆಂಡತಿ ನಾಲ್ಕು ಮನೆಯ ಪಾತ್ರೆ ತಿಕ್ಕಿ ಬಂದು ಅವನಿಗೆ ಅಂಗಳದ ಸುದ್ದಿ ಹೇಳುವಳು, ಅವನು ಮೇಲಿನಿಂದ ಆಗಲೇ ನೋಡಿರುವನು. ಅದೇ ಕಟ್ಟಡದ ನೆಲಮಹಡಿಯ ಒಂದು ಕೋಣೆಯ ಮನೆಯಲ್ಲಿದ್ದ ಮದುವೆ ಬ್ಯಾಂಡಿನವನು ಬಿಟ್ಟುಹೋದಾಗ, ಅದನ್ನು ಹಮಾಲಿಗೇ ಕೊಡಬೇಕೆಂದು ಗುಮಾಸ್ತ ದೊಡ್ಡ ಸಾಹೇಬರ ಮುಂದೆ ತೊದಲಿ, ಬೆವರಿ, ಮೇಜಿನ ಮೇಲಿದ್ದ ಅವರ ಚಹಾ ಚೆಲ್ಲಿ, ಹೇಗೋ ಗೆದ್ದಿದ್ದ. ಸಾಹೇಬರು ಒಂದು ಮಾತು ಸೇರಿಸಿದರು: ಗುರುವಾರ ಸಂಜೆಯೊಳಗೆ ಹಮಾಲಿಗೆ ಕೀಲಿ ಸೇರಬೇಕು. ಶುಕ್ರವಾರವೂ ಮನೆ ಖಾಲಿ ಇದ್ದರೆ ಅದು ಮೇಲಿನವರೊಬ್ಬರ ಕಾರು ಓಡಿಸುವವನ ಪಾಲು, ಅವನು ಬಾಯಿ ತೆರೆದುಕೊಂಡು ಕಾಯುತ್ತಿದ್ದಾನೆ.

ಗುಮಾಸ್ತನಿಗೆ ಹೆದರಿಕೆ ಹತ್ತಿತು. ಯಾರಾದರೂ ಮೊದಲೇ ನುಗ್ಗಿ ಕೂತುಬಿಟ್ಟರೆ? ಕಟ್ಟಡದ ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡಿದ್ದ ದರ್ಜಿಯ ಬಳಿ ಹೋದ. ದರ್ಜಿಯನ್ನು ಎಲ್ಲರೂ ಕಟ್ಟಡದ ಅಧ್ಯಕ್ಷರು ಎನ್ನುತ್ತಿದ್ದರು. ಚುನಾವಣೆ ನಡೆದದ್ದು ಯಾರಿಗೂ ನೆನಪಿರಲಿಲ್ಲ. ಯಾರೇ ಬಂದು ಆ ಮನೆಯೊಳಗೆ ಕೂತರೂ ಬಿಡಬೇಡಿ, ಕೀಲಿ ಕಿತ್ತಿಟ್ಟುಕೊಂಡು ಕಚೇರಿಗೆ ತಿಳಿಸಿ, ಅಂಥವರು ಮೊದಲು ಹೇಳುವುದೇ ತಾವು ಕಚೇರಿಯವರು ಅಂತ, ನಂಬಲೇಬೇಡಿ ಎಂದು ಒತ್ತಿ ಒತ್ತಿ ಹೇಳಿದ. ದರ್ಜಿ ಬಾಯಲ್ಲಿದ್ದ ಸೂಜಿ ತೆಗೆದು, ಆಗಲಿ ಎಂದ.

ಗುರುವಾರ ಬೆಳಿಗ್ಗೆಯೇ ಗುಮಾಸ್ತ ಹೋದ. ಚೀಲ ಹೊಸ್ತಿಲಿಗಿಟ್ಟ, ಕಿಟಕಿ ತೆಗೆದ, ಬಲ್ಬು ಹಾಕಿದ. ಎಲ್ಲವೂ ಪಾಠದ ಪ್ರಕಾರ. ಆಮೇಲೆ ಮಾಡಲು ಕೆಲಸವಿರಲಿಲ್ಲ. ಮನುಷ್ಯ ಕೆಡುವುದು ಇಂಥ ಹೊತ್ತಿನಲ್ಲೇ.

ಕೋಣೆ ಚಿಕ್ಕದು. ಗೋಡೆಯ ಒಂದು ಮೂಲೆಯಲ್ಲಿ ತೇವ ಏರಿತ್ತು. ಆದರೂ ಕಿಟಕಿಯ ಕೆಳಗೆ ಒಲೆ ಇಡಬಹುದು ಅನ್ನಿಸಿತು. ಈ ಮೊಳೆಗೆ ಕನ್ನಡಿ. ಹಾಗಾದರೆ ಮಂಚ? ಬಾಗಿಲ ಹಿಂದೆ. ನೆಲದ ದೂಳಿನಲ್ಲಿ ಬೆರಳಿನಿಂದ ತಲೆಯ ಕಡೆ ಒಂದು ಗೆರೆ ಎಳೆದ, ಕಾಲಿನ ಕಡೆ ಒಂದು, ಉದ್ದಕ್ಕೆ ಎರಡು. ಮಂಚದ ಅಳತೆ ಅವನಿಗೆ ಬಾಯಿಪಾಠ. ಅದಕ್ಕೆ ಎಡವದ ದಿನವಿರಲಿಲ್ಲ. ಆದರೆ ತೆರೆದ ಬಾಗಿಲು ಗೆರೆಯ ಮೇಲೆ ಬರುತ್ತಿತ್ತು. ಮುಚ್ಚಿ ನೋಡದೆ ತಿಳಿಯುವಂತಿರಲಿಲ್ಲ. ಚೀಲವನ್ನು ಎತ್ತಿ ಹೊರಗೆ ಗೋಡೆಗೆ ಒರಗಿಸಿ, ಒಳಗೆ ಬಂದು ಬಾಗಿಲು ಎಳೆದುಕೊಂಡ.

ಮಂಚ ಹಿಡಿಯುತ್ತಿತ್ತು. ಪಕ್ಕದಲ್ಲಿ ಒಬ್ಬರು ಚಪ್ಪಲಿ ಬಿಟ್ಟು ನಿಲ್ಲುವಷ್ಟು ಜಾಗವೂ ಉಳಿಯುತ್ತಿತ್ತು.

ಆ ಬಾಗಿಲಿಗಿದ್ದದ್ದು ತಾನಾಗಿ ಬೀಳುವ ಬೀಗ. ಹೊರಗಿನಿಂದ ಕೀಲಿ, ಒಳಗಿನಿಂದ ಹಿಡಿ. ಕೀಲಿ ಹೊರಗೇ ಸಿಕ್ಕಿಕೊಂಡಿತ್ತು. ಒಳಗಿನ ಹಿಡಿ ಬ್ಯಾಂಡಿನವನ ಜೊತೆ ಬೇರೆ ಊರಿಗೆ ಹೋಗಿತ್ತು.

ಅವನು ಬಾಗಿಲು ತಟ್ಟಿದ. ಸಭ್ಯವಾಗಿ ತಟ್ಟಿದ, ಆಮೇಲೆ ಸಭ್ಯತೆ ಬಿಟ್ಟು ಬಡಿದ. ಎದುರುಮನೆಯಾಕೆ ಬಂದು ಕಿಟಕಿಯ ಸರಳಿನಾಚೆಯಿಂದ ಇಣುಕಿ, ಒಳಗೆ ಗಂಡಸು ಎಂದು ಕೂಗಿ ಹೋದಳು. ದರ್ಜಿ ಕೊರಳಲ್ಲಿ ಅಳತೆಪಟ್ಟಿ ಹಾಕಿಕೊಂಡೇ ಬಂದ. ಗುಮಾಸ್ತನಿಗೆ ಹೋದ ಜೀವ ಬಂತು.

"ನಾನು ಕಣ್ರೀ, ಆಫೀಸಿನವನು. ಕೀಲಿ ತಿರುಗಿಸಿ."

ದರ್ಜಿ ಅವನನ್ನು ಮೇಲಿನಿಂದ ಕೆಳಗೆ ನೋಡಿದ. ಬಾಗಿಲ ಬಳಿ ಹೋಗಿ ಕೀಲಿ ಕಿತ್ತು ಜೇಬಿಗೆ ಹಾಕಿಕೊಂಡು ಮತ್ತೆ ಕಿಟಕಿಗೆ ಬಂದ.

"ಯಾರೇ ಆಗಲಿ ಅಂದ್ರಿ ಸ್ವಾಮಿ. ಆ ಯಾರೇ ಅನ್ನೋದ್ರಲ್ಲಿ ನೀವೂ ಬರ್ತೀರಿ."

"ಹಿಡಿ ಇಲ್ಲ, ಸಿಕ್ಕಿಹಾಕಿಕೊಂಡಿದ್ದೀನಿ."

"ಹಿಡಿ ಇಲ್ಲದ ಬಾಗಿಲು ಮುಚ್ಚಿದ್ದು ಯಾಕೆ?"

ಇದೊಂದು ಪ್ರಶ್ನೆಗೆ ಗುಮಾಸ್ತನ ಬಳಿ ಉತ್ತರವಿತ್ತು, ಹೇಳುವ ಹಾಗಿರಲಿಲ್ಲ. ಗಾಳಿಗೆ ಮುಚ್ಚಿಕೊಂಡಿತು ಎಂದ. ಅಂಗಳದ ಹಗ್ಗದ ಮೇಲೆ ಒಣಗಲು ಹಾಕಿದ್ದ ಸೀರೆ ಕೂಡ ಅಲುಗುತ್ತಿರಲಿಲ್ಲ. ದರ್ಜಿ ಸೀರೆಯನ್ನು ನೋಡಿದ, ಗೋಡೆಗೆ ನೀಟಾಗಿ ಒರಗಿಸಿದ್ದ ಚೀಲವನ್ನು ನೋಡಿದ, ಚೀಲ ಎತ್ತಿ ಹೊರಗಿಟ್ಟ ಗಾಳಿ ಭಾರಿ ಬುದ್ಧಿವಂತ ಗಾಳಿ ಎಂದ. ಗುಮಾಸ್ತ ಮಾತು ಬದಲಿಸಿ, ಇದು ಬಾಗಿಲಿನ ಪರೀಕ್ಷೆ, ಹಂಚುವ ಮೊದಲು ಮುಚ್ಚಿ ನೋಡುವ ನಿಯಮವಿದೆ ಎಂದ. ಗಾಳಿ ಮತ್ತು ನಿಯಮ ಒಂದೇ ಬಾಯಲ್ಲಿ ಬಂದದ್ದರಿಂದ ನೆರೆದವರಿಗೆ ಎಲ್ಲ ಸ್ಪಷ್ಟವಾಯಿತು. ಹಂಚುವವನೇ ಮನೆ ಹಿಡಿದಿದ್ದಾನೆ. ಒಬ್ಬರು ಮೊದಲೇ ಅನುಮಾನವಿತ್ತು ಎಂದರು. ಇನ್ನೊಬ್ಬರು ಇವನ ಕಣ್ಣೇ ಹಾಗಿತ್ತು, ಮಾತಾಡುವಾಗ ಗೋಡೆ ನೋಡುತ್ತಿದ್ದ ಎಂದರು.

ಅಷ್ಟರಲ್ಲಿ ಹೊರಗಿದ್ದ ಚೀಲ ಹಾಡತೊಡಗಿತು. ಫೋನು ಅದರಲ್ಲಿತ್ತು. ಎದುರುಮನೆಯಾಕೆ ತೆಗೆದು ಕಿವಿಗಿಟ್ಟುಕೊಂಡಳು. ಆ ಕಡೆ ಗುಮಾಸ್ತನ ಹೆಂಡತಿ; ಮಧ್ಯಾಹ್ನ ಊಟಕ್ಕೆ ಬರುತ್ತೀರಾ ಎಂದು ಕೇಳಲು ಮಾಡಿದ್ದು.

"ಅವರು ಯಾಕೆ ಬರ್ತಾರಮ್ಮ" ಎಂದಳು ಎದುರುಮನೆಯಾಕೆ, ಮೂಗಿನಿಂದ. "ಇಲ್ಲೇ ಹೊಸ ಮನೆ ಮಾಡ್ಕೊಂಡು ಕೂತಿದಾರೆ. ನೀವೂ ಬಂದ್ಬಿಡಿ, ಗಂಟುಮೂಟೆ ಕಟ್ಕೊಂಡು."

ಅವಳು ಚುಚ್ಚಿ ಹೇಳಿದಳು. ಕೇಳಿದವಳಿಗೆ ಚುಚ್ಚಲಿಲ್ಲ. ಇಷ್ಟು ದಿನ ಕಾದವರಿಗೆ ವ್ಯಂಗ್ಯ ಕೇಳಿಸುವುದಿಲ್ಲ. ಕಟ್ಟಡ ಯಾವುದೆಂದು ಕೇಳಿಕೊಂಡಳು, ಉಪಕಾರವಾಯಿತು ಎಂದಳು, ಫೋನಿಟ್ಟಳು. ಸರಳಿನ ಸಂದಿಯಿಂದ ಗುಮಾಸ್ತ ಚಾಚಿದ ಕೈಗೆ ಫೋನು ಎಟುಕಲಿಲ್ಲ.

ಭಾವ ಇಷ್ಟು ಬೇಗ ಯಾರ ಬಾಡಿಗೆಗೂ ಹೋದವನಲ್ಲ. ದರ್ಜಿ ಕಚೇರಿಗೆ ಫೋನು ಮಾಡಿ ಇಡುವಷ್ಟರಲ್ಲಿ ಅವನ ಆಟೋ ಅಂಗಳಕ್ಕೆ ನುಗ್ಗಿತು. ಹಿಂದೆ ಹಾಸಿಗೆಸುರುಳಿ, ಸ್ಟೌ, ಕನ್ನಡಿ, ಹಗ್ಗ ಬಿಗಿದ ಮಂಚ. ಭಾವನ ಹೆಂಡತಿ ಎಂದೂ ಹೊರಗೆ ತೆಗೆಯದ ತೂತಿಲ್ಲದ ಬಕೆಟನ್ನು ಉಡುಗೊರೆಯಾಗಿ ಕೊಟ್ಟು ಕಳಿಸಿದ್ದಳು. ಗುಮಾಸ್ತನ ಹೆಂಡತಿ ಹಿತ್ತಾಳೆ ಚೊಂಬನ್ನು ಮಡಿಲಲ್ಲಿ ಇಟ್ಟುಕೊಂಡು ಮುಂದೆ ಕೂತಿದ್ದಳು. ಮದುವೆಯ ಫೋಟೋದಲ್ಲಿ ಇದ್ದ ಹಾಗೆಯೇ ಅವಳ ಮುಖವಿತ್ತು.

ಭಾವನಿಗೆ ಬಾಗಿಲು ಹಾಕಿದ್ದು ದೊಡ್ಡ ವಿಷಯವಾಗಲಿಲ್ಲ. ಸಾಮಾನು ವಾಪಸು ಹೋಗದಂತೆ ಮಾಡುವುದು ಅವನಿಗೆ ಮುಖ್ಯವಾಗಿತ್ತು. ದರ್ಜಿ ತಡೆಯುವ ಮೊದಲೇ ಹಗ್ಗ ಬಿಚ್ಚಿ, ಅಂಗಳದ ನಡುವೆ ಮಂಚವನ್ನು ಜೋಡಿಸಿ ನಿಲ್ಲಿಸಿಯೇಬಿಟ್ಟ. ಮದುವೆಯಾದ ಮೇಲೆ ಆ ಮಂಚ ತನ್ನ ನಾಲ್ಕು ಕಾಲಿನ ಮೇಲೆ ನಿಂತದ್ದು ಅದೇ ಮೊದಲು. ದರ್ಜಿ ಅದನ್ನು ಸಾಕ್ಷಿ ಎಂದು ಘೋಷಿಸಿ, ಯಾರೂ ಮುಟ್ಟಬಾರದೆಂದು ತಾನೇ ಅದರ ಮೇಲೆ ಕೂತ. ಒಳ್ಳೆಯ ಮರ ಎಂದೂ ಹೇಳಿದ.

ಮೇಲಿನ ಮಹಡಿಯಿಂದ ಹಮಾಲಿ ಎಲ್ಲವನ್ನೂ ನೋಡುತ್ತಿದ್ದ. ಅವನ ಹೆಂಡತಿ ಇಳಿದು ಬಂದಳು. ಕಂಕುಳಲ್ಲಿ ಒಂದು ಗಂಟು. ಸಂಜೆ ಸಿಗಲಿದ್ದ ಮನೆಗೆಂದು ಬೆಳಿಗ್ಗೆಯೇ ಕಟ್ಟಿಟ್ಟದ್ದು. ಮಂಚ ನೋಡಿದಳು, ಬಕೆಟ್ ನೋಡಿದಳು. ನೇರ ಕಿಟಕಿಗೆ ಬಂದಳು.

"ನಮಗೆ ಆಗಲ್ವಾ ಸಾರ್, ಹಾಗಾದ್ರೆ?"

ಬೈದಿದ್ದರೆ ಗುಮಾಸ್ತನಿಗೆ ಸುಲಭವಾಗುತ್ತಿತ್ತು. ಮನೆ ನಿಮ್ಮದೇ ಅಮ್ಮ, ಬಾಗಿಲು ತೆಗೆದರೆ ಸಾಕು ಎಂದ. ಅವಳು ತಲೆಯಾಡಿಸಿದಳು, ಮತ್ತೆ ಮಂಚದ ಕಡೆ ನೋಡಿದಳು, ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತಳು. ಆ ಮಾತನ್ನು ಚೊಂಬು ಹಿಡಿದು ಹಿಂದೆಯೇ ಬಂದಿದ್ದ ಇನ್ನೊಬ್ಬಳೂ ಕೇಳಿಸಿಕೊಂಡಿದ್ದಳು. ಕಿಟಕಿಯಿಂದ ಕೋಣೆಯಲ್ಲೆಲ್ಲ ಒಂದು ಸಲ ಕಣ್ಣಾಡಿಸಿದಳು. ಒಲೆಗೆ ಜಾಗ, ಕನ್ನಡಿಗೆ ಮೊಳೆ.

"ನಮ್ದೇ ಅಲ್ವಾ?" ಎಂದಳು, ಸಣ್ಣ ದನಿಯಲ್ಲಿ.

ಗುಮಾಸ್ತ ಅವಳ ಮುಖ ನೋಡಲಿಲ್ಲ. ಭುಜದ ಮೇಲಿಂದ ಅಂಗಳದಾಚೆಯ ಗೋಡೆ ನೋಡಿದ.

"ನೋಡೋಣ."

ಒಂದಿಷ್ಟೂ ಹಸಿ ಇರಲಿಲ್ಲ. ಹಿರಿಯಕ್ಕ ಕೇಳಿದ್ದರೆ ಬೆನ್ನು ತಟ್ಟುತ್ತಿದ್ದರು. ಎಷ್ಟೋ ಸಂಜೆ ಆ ಮಾತಿಗೆ ಎದುರು ನಿಂತು ತಿದ್ದಿದ ಹೆಂಡತಿಗೆ ಬೇರೆ ವಿವರಣೆ ಬೇಕಾಗಲಿಲ್ಲ. ಅವಳು ಹೋಗಿ ಮಂಚದ ಮೇಲೆ, ದರ್ಜಿಯಿಂದ ಸ್ವಲ್ಪ ದೂರ, ಚೊಂಬು ತೊಡೆಯ ಮೇಲಿಟ್ಟುಕೊಂಡು ಕೂತಳು. ದರ್ಜಿ ಏನು ತೋಚಿತೋ ಎದ್ದು ನಿಂತ.

ಹಿರಿಯಕ್ಕ ಬಂದಾಗ ಬಿಸಿಲು ನೆತ್ತಿಯಿಂದ ಇಳಿದಿತ್ತು. ದಾರಿಯುದ್ದಕ್ಕೂ ದೂರು ಹೇಳಲು ಎದುರುಗೊಂಡವರನ್ನೆಲ್ಲ ಕೈಯಿಂದಲೇ ಸರಿಸಿ, ದರ್ಜಿಯ ಮುಂದೆ ಅಂಗೈ ಚಾಚಿದರು. ಕೀಲಿ ಕೊಡುವ ಮೊದಲು ದರ್ಜಿ ತನ್ನ ಪ್ರಶ್ನೆಯನ್ನು ಎಲ್ಲರಿಗೂ ಕೇಳುವಂತೆ ಇಟ್ಟ. ಹಿಡಿ ಇಲ್ಲದ ಬಾಗಿಲನ್ನು ಈ ಮನುಷ್ಯ ಒಳಗಿನಿಂದ ಮುಚ್ಚಿದ್ದು ಯಾಕೆ?

ಹಿರಿಯಕ್ಕ ಕೀಲಿ ತೆಗೆದುಕೊಂಡು, ಬಾಗಿಲು ತೆಗೆದು, ತಮ್ಮ ಚೀಲವನ್ನು ಹೊಸ್ತಿಲಿಗಿಟ್ಟು, ಒಬ್ಬರೇ ಒಳಗೆ ಬಂದರು. ಗುಮಾಸ್ತ ಗೋಡೆಗೆ ಅಂಟಿಕೊಂಡು ನಿಂತಿದ್ದ. ಅವರು ಅವನನ್ನು ನೋಡಲಿಲ್ಲ. ಕಿಟಕಿ ನೋಡಿದರು, ಬಲ್ಬು ನೋಡಿದರು, ಕೊನೆಗೆ ಬಾಗಿಲ ಹಿಂದೆ ದೂಳಿನಲ್ಲಿ ಬಿದ್ದಿದ್ದ ಉದ್ದನೆಯ ಚೌಕವನ್ನು ನೋಡಿದರು. ಆಮೇಲೆ ಚಪ್ಪಲಿಗಾಲಿನಿಂದ ಒಂದೊಂದೇ ಗೆರೆಯನ್ನು ಒರೆಸಿದರು, ಕಾಲಿಗೆ ಏನೋ ಮೆತ್ತಿಕೊಂಡವರ ಹಾಗೆ.

ಹೊರಗೆ ಬಂದು, ಬಾಗಿಲು ಮುಚ್ಚಿ ನೋಡುವುದೂ ನಮ್ಮ ಕೆಲಸದಲ್ಲಿ ಸೇರಿದೆ, ಹೊಸಬರಿಗೆ ನಾನೇ ಹೇಳಿದ್ದೆ, ಹಿಡಿಯ ವಿಷಯ ಹೇಳಲು ಮರೆತಿದ್ದೆ ಎಂದರು. ಕಾವಲು ಚೆನ್ನಾಗಿತ್ತು ಎಂದು ದರ್ಜಿಗೆ ಒಂದು ಮಾತು ಸೇರಿಸಿದರು. ದರ್ಜಿ ಹಿಗ್ಗಿ, ಹಮಾಲಿಯನ್ನು ಇಳಿಸಲು ಗಂಡಸರನ್ನು ಕೂಗಿದ. ಇಷ್ಟು ಹೊತ್ತು ಗುಮಾಸ್ತನ ಕಣ್ಣಿನ ಬಗ್ಗೆ ಮಾತಾಡಿದವರೇ ಮೊದಲು ಓಡಿದರು.

ಹಮಾಲಿಯನ್ನು ಕುರ್ಚಿ ಸಮೇತ ಹೊತ್ತು ತರುವಷ್ಟರಲ್ಲಿ ಎಲ್ಲರಿಗೂ ಉಸಿರು ಕಟ್ಟಿತ್ತು. ಜೀವಮಾನವಿಡೀ ಹೊತ್ತವನನ್ನು ಹೊರುವುದು ಕಷ್ಟ ಎಂದು ಅವನೇ ನಕ್ಕ. ಎಲ್ಲಾದರೂ ಇಳಿಸಬೇಕಿತ್ತು. ಅಂಗಳದಲ್ಲಿ ಮಂಚ ಸಿದ್ಧವಾಗಿಯೇ ಇತ್ತು. ಗುಮಾಸ್ತನ ಹೆಂಡತಿ ಎದ್ದು ಜಾಗ ಬಿಟ್ಟಳು. ಅವನನ್ನು ಅದರ ಮೇಲೆ ಮಲಗಿಸಿದರು, ಅವನು ಹಾಗೇ ಆಕಾಶ ನೋಡುತ್ತ ಬಿದ್ದುಕೊಂಡ, ಮಂಚ ತಲೆಗೂ ಕಾಲಿಗೂ ಸರಿಯಾಗಿ ಹಿಡಿಯಿತು.

ಗುಮಾಸ್ತನ ಹೆಂಡತಿ ಆಟೋದಿಂದ ತನ್ನ ಪೊರಕೆ ತೆಗೆದುಕೊಂಡು ಒಳಗೆ ಹೋದಳು. ಯಾರೂ ಹೇಳಿರಲಿಲ್ಲ, ಯಾರೂ ಬೇಡವೆನ್ನಲೂ ಇಲ್ಲ. ಮೂಲೆಯಿಂದ ಮೂಲೆಗೆ ಗುಡಿಸಿಕೊಂಡು ಬಂದು ಬಾಗಿಲ ಹಿಂದೆ ನಿಂತಳು. ಹಿರಿಯಕ್ಕನ ಚಪ್ಪಲಿಗೆ ಸಿಗದ ಒಂದು ಮೂಲೆ ದೂಳಿನಲ್ಲಿ ಉಳಿದುಕೊಂಡಿತ್ತು. ಬಗ್ಗಿ ನೋಡಿದಳು. ಗಂಡನ ಕಡೆ ನೋಡಿದಳು. ಅದನ್ನೂ ಗುಡಿಸಿ, ಕಸ ಎತ್ತಿ, ಪೊರಕೆಯನ್ನು ಅಲ್ಲೇ ಹಮಾಲಿಯ ಹೆಂಡತಿಗೆ ಕೊಟ್ಟು ಬಂದಳು.

ಹಮಾಲಿಯ ಕೈಗೆ ಕೀಲಿ ಸೇರಿದ ಮೇಲೆ ವಾಪಸು ಹೋಗುವಾಗ ಭಾವ ಆಟೋವನ್ನು ಸಾವಕಾಶವಾಗಿ ಓಡಿಸಿದ. ಒಂದು ಮಾತೂ ಆಡಲಿಲ್ಲ. ಅದಕ್ಕಿಂತ ಅವನ ಹಳೆಯ ಚುಚ್ಚುಮಾತೇ ವಾಸಿಯಿತ್ತು. ಗುಮಾಸ್ತ ಮತ್ತು ಹೆಂಡತಿ ಹಿಂದೆ ಸಾಮಾನಿನ ನಡುವೆ ಕೂತಿದ್ದರು; ಮತ್ತೆ ಹಗ್ಗ ಬಿಗಿಸಿಕೊಂಡ ಮಂಚ ಪ್ರತಿ ತಿರುವಿನಲ್ಲೂ ಇಬ್ಬರ ಮೇಲೂ ಒರಗುತ್ತಿತ್ತು. ಅವಳು ಒಂದು ಕೈಯಿಂದ ಅದನ್ನು ತಡೆದುಕೊಂಡು ಕೇಳಿದಳು.

"ಹಿಡೀತಿತ್ತಾ?"

"ಹಿಡೀತಿತ್ತು" ಎಂದ ಅವನು. "ಚಪ್ಪಲಿ ಬಿಡೋಕೂ ಜಾಗ ಇತ್ತು."

ಮನೆಗೆ ಬಂದರೆ ಹಿಂದಿನ ಕೋಣೆಯಲ್ಲಿ ಭಾವನ ಹೆಂಡತಿಯ ದೊಡ್ಡ ಕಪಾಟು ಆಗಲೇ ಬಂದು ನಿಂತಿತ್ತು. ಅದನ್ನು ಮೂವರು ಸೇರಿ ಹೊರಗೆ ತಳ್ಳುವಾಗ ಆಕೆ ಬಾಗಿಲಲ್ಲಿ ನಿಂತು ಗೋಡೆಗೆ ಗೀರು ಬೀಳದಂತೆ ನೋಡಿಕೊಂಡಳು. ಬಕೆಟನ್ನು ಕೇಳಿ ಪಡೆದಳು.

ಮರುದಿನ ಹಿರಿಯಕ್ಕ ಯಥಾಪ್ರಕಾರ ಮುಂದೆ, ಗುಮಾಸ್ತ ಹಿಂದೆ, ಬೇರೆ ಒಂದು ಕಟ್ಟಡದ ಮೆಟ್ಟಿಲು ಹತ್ತುತ್ತಿದ್ದರು. ಅವರು ನಿನ್ನೆಯ ವಿಷಯ ಎತ್ತಲಿಲ್ಲ, ಬೈಯಲಿಲ್ಲ. ಕೊನೆಯ ತಿರುವಿನಲ್ಲಿ ಅವರು ನಿಂತು, ಚೀಲದೊಳಗೆ ಕೈ ಹಾಕಿ ತಡಕಾಡಿ, ಕಬ್ಬಿಣದ ಒಂದು ಬಾಗಿಲ ಹಿಡಿಯನ್ನು ತೆಗೆದು ಅವನ ಕೈಗಿಟ್ಟರು. ಎಷ್ಟೋ ವರ್ಷ ಚೀಲದಲ್ಲಿ ಉರುಳಾಡಿ ಅದರ ಅಂಚೆಲ್ಲ ನುಣ್ಣಗಾಗಿತ್ತು.

"ಇಟ್ಕೊಳ್ಳಿ. ಎಲ್ಲ ಬೀಗಕ್ಕೂ ಆಗುತ್ತೆ" ಎಂದರು. ಎರಡು ಮೆಟ್ಟಿಲು ಹತ್ತಿದರು. ಉಸಿರು ತೆಗೆದುಕೊಳ್ಳಲು ನಿಂತವರ ಹಾಗೆ ನಿಂತು, ಹಿಂತಿರುಗದೆ ಹೇಳಿದರು.

"ನಿಮ್ದು ಮಂಚ. ನಂದು ಬೀರು."